ಹೇಳಬೇಕಾ, ಸುಮ್ಮನಿರಬೇಕಾ? ಲೈಂಗಿಕ ಒಲವಿನ ಬಗ್ಗೆ ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಹುಡುಗ ಹುಡುಗಿಯರು, ಅವರ ಅಕ್ಕ ಅಣ್ಣಂದಿರು, ಒಮ್ಮೊಮ್ಮೆ ತಾಯಂದಿರು ಕೇಳುವ ಪ್ರಶ್ನೆಗಳಿವು. ಹೆಚ್ಚಿನವು ಮನೆಯವರೆಲ್ಲ ಮಲಗಿದ ಮೇಲೆ ಫೋನಿನಲ್ಲಿ ಬರುತ್ತವೆ. ನಾನೂ ಇದೇ ಸೀಮೆಯವನು, ಗೇ, ಅಂದರೆ ಗಂಡಸರ ಮೇಲೆ ಮನಸ್ಸಾಗುವ ಗಂಡಸು. ವಕೀಲನಲ್ಲ, ಡಾಕ್ಟರನೂ ಅಲ್ಲ. ಕೇಳಿದವರ ಹೆಸರು, ಊರು ಬಿಟ್ಟು ಪ್ರಶ್ನೆಗಳನ್ನಷ್ಟೇ ಇಟ್ಟಿದ್ದೇನೆ.

ಯಾರಿಗೂ ಹೇಳದೆ ಇದ್ದರೆ ನಾನು ಸುಳ್ಳುಗಾರನಾ?

ಅಲ್ಲ. ಇದನ್ನು ಮೊದಲೇ ಗಟ್ಟಿಯಾಗಿ ಹೇಳಿಬಿಡುತ್ತೇನೆ, ಏಕೆಂದರೆ ಜಾಸ್ತಿ ಜನರನ್ನು ಒಳಗೊಳಗೇ ಕೊರೆಯುವುದು ಇದೇ. ದಿನಾ ಅವ್ವ ಬಡಿದುಕೊಟ್ಟ ರೊಟ್ಟಿ ತಿನ್ನುತ್ತಾ, ಅವಳಿಂದಲೇ ಇಷ್ಟು ದೊಡ್ಡ ಸಂಗತಿ ಮುಚ್ಚಿಟ್ಟಿದ್ದೇನಲ್ಲ ಅನ್ನುವ ಸಂಕಟ.

ನಿಮ್ಮ ಒಲವು ನಿಮ್ಮದು. ಅದನ್ನು ಯಾರಿಗೆ, ಯಾವಾಗ, ಎಷ್ಟು ಹೇಳಬೇಕು ಅನ್ನುವುದೂ ನಿಮ್ಮದೇ. ನಮ್ಮ ಊರುಗಳಲ್ಲಿ ಹುಡುಗಿಯನ್ನು ಪ್ರೀತಿಸುವ ಹುಡುಗ ಕೂಡ ಅದನ್ನು ಮನೆಯಲ್ಲಿ ಕೂತು ಹೇಳಿಕೊಳ್ಳುವುದಿಲ್ಲ. ಅವನನ್ನು ಯಾರೂ ಸುಳ್ಳುಗಾರ ಅನ್ನುವುದಿಲ್ಲ. ನಮ್ಮ ತಲೆ ಮೇಲೆ ಮಾತ್ರ ಯಾಕೆ ಆ ಹೊರೆ?

ಸುಮ್ಮನಿರುವುದು ಬೇರೆ, ಮೋಸ ಮಾಡುವುದು ಬೇರೆ. ನಿಮ್ಮ ಮೌನವನ್ನು ನಂಬಿ ಇನ್ನೊಬ್ಬರು ತಮ್ಮ ಬದುಕು ಕಟ್ಟಿಕೊಳ್ಳದಿರುವ ತನಕ ಅದು ನಿಮ್ಮ ಖಾಸಗಿ ವಿಷಯ. ಒಬ್ಬ ಹೆಣ್ಣುಮಗಳು ಆ ಮೌನವನ್ನೇ ನಂಬಿ ನಿಮ್ಮಿಂದ ತಾಳಿ ಕಟ್ಟಿಸಿಕೊಂಡರೆ, ಆಗ ಅದು ನಿಮ್ಮೊಬ್ಬರದಾಗಿ ಉಳಿಯುವುದಿಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ.

"ಮದುವೆ ಯಾವಾಗ?" ಅಂತ ಎಲ್ಲರೂ ಕೇಳುತ್ತಾರೆ. ಏನು ಹೇಳಲಿ?

ಊರಿನ ಕಟ್ಟೆ ಮೇಲೆ ಕೂತವರಿಗೆ "ಈಗ ಮನಸ್ಸಿಲ್ಲರೀ" ಅಂದರೆ ಸಾಕು. ಅದು ನಿಜವೇ ತಾನೆ. ಇಲ್ಲದ ಗರ್ಲ್‌ಫ್ರೆಂಡನ್ನು ಹುಟ್ಟಿಸಲು ಹೋಗಬೇಡಿ. ಅವಳ ಹೆಸರು, ಊರು, ಜಾತಿ ಎಲ್ಲ ಕೇಳುತ್ತಾರೆ, ಒಂದು ಸುಳ್ಳನ್ನು ಕಾಯಲು ಹತ್ತು ಸುಳ್ಳು ಬೇಕಾಗುತ್ತದೆ.

ನನಗೆ ಹದಿನೇಳು ವರ್ಷ. ಹುಡುಗರ ಕಡೆ ಮನಸ್ಸು ಹೋಗುತ್ತದೆ, ಆದರೆ ಖಾತ್ರಿಯಿಲ್ಲ.

ಖಾತ್ರಿ ಈಗಲೇ ಬೇಕಿಲ್ಲ. ಹೆಸರಿಡಲು ಅವಸರವೂ ಬೇಡ. ಕೆಲವರಿಗೆ ಗಂಡು ಹೆಣ್ಣು ಇಬ್ಬರ ಮೇಲೂ ಮನಸ್ಸಾಗುತ್ತದೆ, ಕೆಲವರಿಗೆ ಯಾರ ಮೇಲೂ ಆಗುವುದಿಲ್ಲ. ಒಂದು ಎಚ್ಚರ ಮಾತ್ರ ಇರಲಿ. ಹದಿನೆಂಟು ತುಂಬದವರ ಜೊತೆ ಲೈಂಗಿಕ ಸಂಪರ್ಕ, ಅವರು ಒಪ್ಪಿದ್ದರೂ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೋ ಕಾಯ್ದೆಯಡಿ ಅಪರಾಧ. ಹುಡುಗ, ಹುಡುಗಿ ಅನ್ನುವ ಭೇದ ಅದಕ್ಕಿಲ್ಲ. ಆ್ಯಪಿನಲ್ಲಿ ವಯಸ್ಸು ಜಾಸ್ತಿ ಹಾಕಿಕೊಂಡು ದೊಡ್ಡವರನ್ನು ಭೇಟಿ ಮಾಡಬೇಡಿ. ಯಾರಾದರೂ ಕಾಡುತ್ತಿದ್ದರೆ 1098ಕ್ಕೆ ಫೋನ್ ಮಾಡಬಹುದು, ಅದು ಮಕ್ಕಳ ಸಹಾಯವಾಣಿ.

ಗೇ ಅಂದರೆ ಜೋಗಪ್ಪ ಅಂತಾನಾ?

ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೋದವರೆಲ್ಲ ಗಂಡಾಗಿ ಹುಟ್ಟಿ, ದೇವಿಯ ಸೇವೆಗೆ ಮುಡಿಪಾಗಿ ಸೀರೆ ಉಡುವ ಜೋಗಪ್ಪ, ಜೋಗತಿಯರನ್ನು ನೋಡಿರುತ್ತಾರೆ. ಹಾಗಾಗಿ ನಮ್ಮ ಕಡೆ ಮನೆಯವರ ತಲೆಗೆ ಮೊದಲು ಹೊಳೆಯುವುದೇ ಇದು. "ಅಯ್ಯೋ, ನಮ್ಮ ಹುಡುಗ ಸೀರೆ ಉಡುತ್ತಾನಾ?" ಅಂತ ಅವ್ವಂದಿರು ಹೆದರುತ್ತಾರೆ.

ಎರಡೂ ಬೇರೆ ಬೇರೆ. ತಾನು ಗಂಡೋ ಹೆಣ್ಣೋ ಅಂತ ಒಳಗಿನಿಂದ ಅನಿಸುವುದು ಒಂದು. ಯಾರ ಮೇಲೆ ಮನಸ್ಸಾಗುತ್ತದೆ ಅನ್ನುವುದು ಇನ್ನೊಂದು. ಗೇ ಗಂಡಸು ತನ್ನನ್ನು ಗಂಡಸು ಅಂತಲೇ ತಿಳಿದಿರುತ್ತಾನೆ, ಅವನಿಗೆ ಗಂಡಸಿನ ಮೇಲೆ ಪ್ರೀತಿ ಹುಟ್ಟುತ್ತದೆ, ಅಷ್ಟೇ. ಕೆಲವರಲ್ಲಿ ಎರಡೂ ಕೂಡಿಕೊಂಡಿರಬಹುದು. ಹೊರಗಿನವರು ಅದನ್ನು ತೀರ್ಮಾನಿಸಲು ಆಗುವುದಿಲ್ಲ.

ಆದರೆ "ನಾವು ಅವರಂಥವರಲ್ಲ" ಅಂತ ಮೂಗು ಮುರಿಯುವ ಗೇ ಹುಡುಗರನ್ನೂ ಕಂಡಿದ್ದೇನೆ. ಅದು ನನಗೆ ನೋವಾಗುವ ಮಾತು. ನಮ್ಮ ಸೀಮೆಯಲ್ಲಿ ಎಲ್ಲರ ಎದುರು ತಾವು ಇರುವ ಹಾಗೇ ಬದುಕಿ, ಅವಮಾನ ತಿಂದು, ದಾರಿ ಮಾಡಿಕೊಟ್ಟವರು ಅವರೇ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ತಮ್ಮ ಬದುಕಿನ ಕಷ್ಟಗಳನ್ನು ಅವರು ಮುಚ್ಚಿಟ್ಟವರಲ್ಲ.

ಇದು ಕಾನೂನಿನ ಪ್ರಕಾರ ಅಪರಾಧ ಅಲ್ವಾ?

ಅಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪು ಕೊಟ್ಟರು. ವಯಸ್ಕರು ಇಬ್ಬರೂ ಒಪ್ಪಿ ಖಾಸಗಿಯಾಗಿ ಕೂಡಿದರೆ ಇಂಥ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಹಳೆಯ ದಂಡ ಸಂಹಿತೆಯ ಸೆಕ್ಷನ್ 377 ಅವರಿಗೆ ಅನ್ವಯಿಸುವುದಿಲ್ಲ ಅಂದರು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಸೆಕ್ಷನ್ನೇ ಇಲ್ಲ. "377 ಹಾಕಿಸುತ್ತೇನೆ" ಅಂತ ಯಾರಾದರೂ ಈಗಲೂ ಹೆದರಿಸಿದರೆ ಅದು ಖಾಲಿ ಬೆದರಿಕೆ.

ಗಂಡು ಗಂಡಿನ, ಹೆಣ್ಣು ಹೆಣ್ಣಿನ ಮದುವೆಗೆ ಮಾತ್ರ ಕಾನೂನಿನ ಒಪ್ಪಿಗೆಯಿಲ್ಲ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕೊಡಲಿಲ್ಲ. ಆದರೂ 2024ರ ಆಗಸ್ಟಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಒಂದು ವಿಷಯ ಸ್ಪಷ್ಟ ಮಾಡಿತು: ಇಂಥ ಜೋಡಿ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲ. ಬ್ಯಾಂಕಿನವರು ತಕರಾರು ಮಾಡಿದರೆ ಅದನ್ನು ನೆನಪಿಸಿ.

ಖಾಸಗಿತನ ಅನ್ನುವುದೆಲ್ಲ ಬೆಂಗಳೂರಿನವರಿಗೆ. ನಮ್ಮೂರಲ್ಲಿ ಎಲ್ಲಿದೆ?

ಬಸ್ಸಿನಲ್ಲಿ ಪಕ್ಕ ಕೂತವರು ಊರು ಯಾವುದು, ಯಾರ ಮಗ ಅಂತ ಕೇಳಿ, ಎರಡು ಸ್ಟಾಪ್ ದಾಟುವಷ್ಟರಲ್ಲಿ ನಿಮ್ಮ ದೊಡ್ಡಪ್ಪನ ಪರಿಚಯ ಹುಡುಕಿ ತೆಗೆಯುವ ಊರುಗಳು ನಮ್ಮವು. ಒಬ್ಬರ ಕಿವಿಗೆ ಬಿದ್ದದ್ದು ಸಂತೆ ಮುಗಿಯುವುದರೊಳಗೆ ಎಲ್ಲರ ಬಾಯಲ್ಲಿರುತ್ತದೆ. ಅದಕ್ಕೇ ಖಾಸಗಿತನ ನಮಗೆ ಜಾಸ್ತಿ ಬೇಕು.

ಅದು ಹಕ್ಕು ಕೂಡ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಲೈಂಗಿಕ ಒಲವು ಆ ಖಾಸಗಿತನದ ಒಳಗೇ ಬರುತ್ತದೆ ಅನ್ನುವ ಮಾತು ಆ ತೀರ್ಪಿನಲ್ಲಿದೆ. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಮನೆಯವರು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇವೆ ಅನ್ನುತ್ತಾರೆ. ಗುಣವಾಗುತ್ತಾ?

ಕಾಯಿಲೆಯೇ ಅಲ್ಲ ಅಂದಮೇಲೆ ಗುಣ ಮಾಡುವುದು ಏನನ್ನು? ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದೇ ಇದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು. ಭಾರತದ ಮನೋವೈದ್ಯರ ಸಂಘವೂ 2018ರಲ್ಲಿ ಇದು ಕಾಯಿಲೆಯಲ್ಲ ಅಂತ ಬಹಿರಂಗವಾಗಿ ಹೇಳಿತು. ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ, 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಒಲವನ್ನು "ಬದಲಾಯಿಸುವ" ಚಿಕಿತ್ಸೆಯನ್ನು ವೈದ್ಯರ ದುರ್ನಡತೆ ಅಂತ ಘೋಷಿಸಿತು. ಯಾವ ಡಾಕ್ಟರಾದರೂ ಇಂಜೆಕ್ಷನ್, ಶಾಕ್, ಹಾರ್ಮೋನು ಅಂದರೆ ಅಲ್ಲಿಂದ ಎದ್ದು ಬನ್ನಿ. ರಾಜ್ಯ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು.

ತಾಯತ, ಮಂತ್ರಿಸಿದ ನೀರು, ಹರಕೆ ಇವೂ ಇವೆ. ಅವ್ವನ ಸಮಾಧಾನಕ್ಕೆ ಒಂದು ತಾಯತ ಕಟ್ಟಿಕೊಂಡರೆ ನಿಮಗೇನೂ ನಷ್ಟವಿಲ್ಲ. ಉಪವಾಸ ಕೆಡವುವುದು, ಹೊಡೆಯುವುದು, ಹೊಗೆ ಹಾಕುವುದು ಶುರುವಾದರೆ ಅದು ಭಕ್ತಿಯಲ್ಲ, ಹಿಂಸೆ. ಪೊಲೀಸರ 112ಕ್ಕೆ ಕರೆ ಮಾಡಿ.

ನಿದ್ದೆ ಬರದಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ ಮಾತ್ರ ದಯವಿಟ್ಟು ಮನೋವೈದ್ಯರನ್ನು ನೋಡಿ. ಅದು ಒಲವಿಗೆ ಚಿಕಿತ್ಸೆಯಲ್ಲ, ಒಲವನ್ನು ಬಚ್ಚಿಟ್ಟು ಬಚ್ಚಿಟ್ಟು ಬಂದ ದಣಿವಿಗೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ನೀವು ಡಾಕ್ಟರಿಗೆ ಹೇಳಿದ್ದನ್ನು ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಒಲವಿನ ಕಾರಣಕ್ಕೆ ಚಿಕಿತ್ಸೆಯಲ್ಲಿ ಭೇದ ಮಾಡಬಾರದು ಅಂತಲೂ ಅದರಲ್ಲಿದೆ.

ಮೊದಲು ಯಾರಿಗೆ ಹೇಳಬೇಕು?

ತುಂಬಾ ಪ್ರೀತಿಸುವವರಿಗೆ ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ನಾನು ಹೇಳುವುದು, ಬಾಯಿ ಗಟ್ಟಿ ಇರುವವರಿಗೆ. ಪ್ರೀತಿ ಇದ್ದೂ ಗುಟ್ಟು ಉಳಿಯದ ಚಿಕ್ಕಮ್ಮಂದಿರು ಎಲ್ಲರ ಮನೆಯಲ್ಲೂ ಇರುತ್ತಾರೆ. ಬೇರೆಯವರ ಗುಟ್ಟನ್ನು ನಿಮ್ಮ ಹತ್ತಿರ ಯಾವತ್ತೂ ಆಡದವರು ಯಾರು? ಅವರಿಂದ ಶುರು ಮಾಡಿ. ಅದು ಕಾಲೇಜಿನ ಗೆಳತಿಯಾಗಿರಬಹುದು, ಅತ್ತಿಗೆಯಾಗಿರಬಹುದು. ಅತ್ತಿಗೆಯಂದಿರು ಬೇರೆ ಮನೆಯಿಂದ ಬಂದು, ಈ ಮನೆಯಲ್ಲಿ ತಮ್ಮ ಮಾತು ನುಂಗಿಕೊಂಡು ಬದುಕಿದವರು. ಅದಕ್ಕೋ ಏನೋ, ತುಂಬಾ ಕಡೆ ಅವರಿಗೇ ಇದು ಬೇಗ ಅರ್ಥವಾಗಿದ್ದನ್ನು ನೋಡಿದ್ದೇನೆ.

ಅವ್ವನಿಗೆ ಹೇಗೆ ಹೇಳಲಿ?

ಹಬ್ಬದ ದಿನ ಬೇಡ, ಜಗಳದ ಮಧ್ಯೆ ಬೇಡ, ಕುಡಿದಾಗ ಖಂಡಿತ ಬೇಡ. ಸಿಟ್ಟಿನಲ್ಲಿ ಕಲ್ಲು ಎಸೆದ ಹಾಗೆ ಎಸೆದ ಮಾತು ಆಮೇಲೆ ಎಷ್ಟು ಸಮಾಧಾನ ಹೇಳಿದರೂ ಪೆಟ್ಟಾಗಿಯೇ ಉಳಿಯುತ್ತದೆ.

ಹೇಳುವ ಮೊದಲು ನಿಮ್ಮ ಕಾಲ ಮೇಲೆ ನೀವು ನಿಂತಿದ್ದೀರಾ ನೋಡಿಕೊಳ್ಳಿ. ಫೀಸು ಅಪ್ಪ ಕಟ್ಟುತ್ತಿದ್ದರೆ, ಮಲಗಲು ಬೇರೆ ಜಾಗವಿಲ್ಲದಿದ್ದರೆ ಕಾಯಿರಿ. ಇದನ್ನು ಹೇಡಿತನ ಅನ್ನುವವರು ಇದ್ದಾರೆ, ನಾನು ಒಪ್ಪುವುದಿಲ್ಲ. ಮನೆಯಿಂದ ಹೊರಗೆ ಹಾಕಿದರೆ ಆ ರಾತ್ರಿ ಎಲ್ಲಿಗೆ ಹೋಗುತ್ತೀರಿ ಅನ್ನುವುದಕ್ಕೆ ಉತ್ತರ ಇಟ್ಟುಕೊಂಡೇ ಬಾಯಿ ತೆರೆಯಿರಿ. ಆಧಾರ್, ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ನಿಮ್ಮ ಕೈಯಲ್ಲಿರಲಿ.

ಮಾತು ಸಣ್ಣದಾಗಿರಲಿ. ಇಂಗ್ಲಿಷ್ ಹೆಸರುಗಳಿಂದ ಅವ್ವನಿಗೆ ಏನೂ ತಿಳಿಯುವುದಿಲ್ಲ, ಬರೀ ಹೆದರಿಕೆಯಾಗುತ್ತದೆ. "ಅವ್ವ, ನನಗೆ ಹುಡುಗಿಯರ ಮೇಲೆ ಮನಸ್ಸು ಆಗೋದಿಲ್ಲ, ಹುಡುಗರ ಮೇಲೆ ಆಗುತ್ತೆ. ಸಣ್ಣವನಿದ್ದಾಗಿಂದ ಹೀಗೇ. ನೀನು ಏನೂ ತಪ್ಪು ಮಾಡಿಲ್ಲ." ಈ ಕೊನೆಯ ಮಾತು ಬಿಡಬೇಡಿ. ನಮ್ಮ ತಾಯಂದಿರು ಮೊದಲು ಹುಡುಕುವುದು ತಮ್ಮ ತಪ್ಪನ್ನೇ. ಬಸುರಿಯಿದ್ದಾಗ ಏನು ತಿಂದೆ, ಯಾವ ಹರಕೆ ತೀರಿಸಲಿಲ್ಲ, ಹಾಸ್ಟೆಲಿಗೆ ಯಾಕೆ ಕಳಿಸಿದೆ ಅಂತ.

ಅವಳು ಅಳಬಹುದು, ನಿಮ್ಮ ಜೊತೆ ಮಾತು ಬಿಡಬಹುದು, ಏನೂ ಕೇಳಿಸಿಕೊಂಡೇ ಇಲ್ಲ ಅನ್ನುವ ಹಾಗೆ ಒಲೆ ಮುಂದೆ ಹೋಗಿ ಕೂರಬಹುದು. ನಿಮಗೆ ಇದನ್ನು ಒಪ್ಪಿಕೊಳ್ಳಲು ವರ್ಷಗಳು ಬೇಕಾದವು ಅಲ್ವಾ? ಅವಳಿಗೂ ಸಮಯ ಕೊಡಿ. ಅಪ್ಪನಿಗೆ ಹೇಳಬೇಕೋ ಬೇಡವೋ ಅನ್ನುವುದನ್ನು ಅವಳ ಮೇಲೆ ಹೊರಿಸಬೇಡಿ. "ಅಪ್ಪನಿಗೆ ನಾನೇ ಹೇಳುತ್ತೇನೆ, ಅಲ್ಲಿ ತನಕ ನಿನ್ನಲ್ಲೇ ಇರಲಿ" ಅಂತ ಹೇಳಿ. ಗಂಡನಿಂದ ಮುಚ್ಚಿಟ್ಟಿದ್ದಕ್ಕೆ ಬೈಸಿಕೊಳ್ಳುವವಳು ಅವಳೇ ಆಗುತ್ತಾಳೆ, ಹಾಗಾಗಿ ತುಂಬಾ ದಿನ ಎಳೆಯಬೇಡಿ.

ಅಕ್ಕನ ಮಗಳನ್ನೇ ಮಾಡಿಕೊಳ್ಳಬೇಕು ಅಂತ ಅವಳು ಹುಟ್ಟಿದಾಗಲೇ ಮಾತಾಗಿದೆ. ಬೇಡ ಅಂದರೆ ಅಕ್ಕನ ಸಂಬಂಧವೇ ಹೋಗುತ್ತದೆ.

ಇಷ್ಟು ಭಾರದ ಪ್ರಶ್ನೆ ಇನ್ನೊಂದಿಲ್ಲ. ನಮ್ಮ ಸೀಮೆಯಲ್ಲಿ ಮದುವೆ ಇಬ್ಬರ ನಡುವೆ ನಡೆಯುವುದಲ್ಲ. ಅಕ್ಕನ ಮಗಳು, ಸೋದರಮಾವನ ಮಗಳು, ಕೊಟ್ಟು ತರುವ ಸಂಬಂಧ. ಒಂದು ಎಳೆ ಎಳೆದರೆ ಎರಡು ಮನೆ ಅಲುಗಾಡುತ್ತವೆ. ಕಡೆಗೆ ಹುಡುಗ "ಆಗಲಿ, ಒಬ್ಬಳು ಹೆಂಡತಿ ಇರಲಿ, ನನ್ನ ಪಾಡಿಗೆ ನಾನು ಇರುತ್ತೇನೆ" ಅಂದುಕೊಂಡು ಬಾಸಿಂಗ ಕಟ್ಟಿಸಿಕೊಳ್ಳುತ್ತಾನೆ.

ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮನ್ನು "ಮಾಮ" ಅಂತ ಕರೆಯುತ್ತಾ ನಿಮ್ಮ ತೊಡೆ ಮೇಲೆ ಆಡಿ ಬೆಳೆದ ಹುಡುಗಿ ಅವಳು. ಮದುವೆಯಾದ ಮೇಲೆ ಗಂಡ ಯಾಕೆ ಹತ್ತಿರ ಬರುವುದಿಲ್ಲ ಅಂತ ಅವಳು ತನ್ನ ಬಣ್ಣವನ್ನು, ಮೈಯನ್ನು, ಅಡುಗೆಯನ್ನು ಬೈದುಕೊಳ್ಳುತ್ತಾಳೆ. ಮಗು ಯಾಕೆ ಆಗಲಿಲ್ಲ ಅಂತ ಊರು ಕೇಳುವುದು ಅವಳನ್ನೇ, ನಿಮ್ಮನ್ನಲ್ಲ. ತವರಿಗೆ ಹೋಗಿ ಹೇಳೋಣ ಅಂದರೆ ತವರು ಅಂದರೂ ನಿಮ್ಮ ಅಕ್ಕನೇ. ಅವಳಿಗೆ ಹೋಗಲು ಎರಡನೇ ಜಾಗವೇ ಉಳಿಯುವುದಿಲ್ಲ.

ಖಾಸಗಿತನದ ಹಕ್ಕು ಇಲ್ಲಿ ನಿಮ್ಮನ್ನು ಕಾಯುವುದಿಲ್ಲ. ಮದುವೆ ಬೇಡ ಅನ್ನಲು ನೀವು ಕಾರಣ ಹೇಳಲೇಬೇಕು ಅಂತಿಲ್ಲ. "ನಾನು ಅವಳನ್ನು ಮಗುವಿದ್ದಾಗಿಂದ ಎತ್ತಿ ಆಡಿಸಿದ್ದೇನೆ, ಹೆಂಡತಿ ಅಂತ ನೋಡಲಾರೆ" ಅಂದರೆ ಅದೂ ನಿಜವಾದ ಮಾತೇ. ರಕ್ತ ಸಂಬಂಧದ ಮದುವೆಯಲ್ಲಿ ಮಕ್ಕಳಿಗೆ ಕೆಲವು ವಂಶವಾಹಿ ಕಾಯಿಲೆಗಳ ಅಪಾಯ ಜಾಸ್ತಿ ಅನ್ನುವುದೂ ನಿಜ, ಆಸ್ಪತ್ರೆಯಲ್ಲಿ ಕೇಳಿದರೆ ಅಕ್ಕನಿಗೆ ಅವರೇ ಹೇಳುತ್ತಾರೆ. ಆದರೆ ಹೂಂ ಅನ್ನುವುದಾದರೆ ಅವಳಿಗೆ ಮೊದಲು ಪೂರ್ತಿ ಹೇಳಲೇಬೇಕು. ಅರ್ಧ ಹೇಳಿ ಒಪ್ಪಿಸುವುದೂ ಬೇಡ. ಅಕ್ಕ ಒಂದೆರಡು ವರ್ಷ ಮುನಿಸಿಕೊಳ್ಳಬಹುದು. ಆ ಮುನಿಸನ್ನು ನೀವು ಹೊರಿ, ಆ ಹುಡುಗಿಯ ಮೇಲೆ ಹಾಕಬೇಡಿ.

ನನಗೆ ಈಗಾಗಲೇ ಮದುವೆಯಾಗಿದೆ, ಎರಡು ಮಕ್ಕಳಿವೆ.

ಹಾಗಾದರೆ ನಿಮ್ಮನ್ನು ಬೈಯುವುದರಿಂದ ಏನೂ ಸರಿಹೋಗುವುದಿಲ್ಲ, ನಾನು ಬೈಯುವುದೂ ಇಲ್ಲ. ಹೊರಗೆ ಸಂಬಂಧ ಇದ್ದರೆ ಕಾಂಡೋಮ್ ಬಳಸಿ, ಆಗಾಗ ಪರೀಕ್ಷೆ ಮಾಡಿಸಿಕೊಳ್ಳಿ. ಜಿಲ್ಲಾ ಆಸ್ಪತ್ರೆಯ ಐಸಿಟಿಸಿಯಲ್ಲಿ (ಸಮಾಲೋಚನೆ, ಪರೀಕ್ಷೆಯ ಕೇಂದ್ರ) ಎಚ್‌ಐವಿ ಪರೀಕ್ಷೆ ಉಚಿತ, ಅಲ್ಲಿಯ ಸಮಾಲೋಚಕರು ಗುಟ್ಟು ಕಾಯಬೇಕು. 2017ರ ಎಚ್‌ಐವಿ ಕಾಯ್ದೆ ಹಾಗೆ ಹೇಳುತ್ತದೆ. ಊರಿನವರ ಕಣ್ಣಿಗೆ ಬೀಳುವ ಹೆದರಿಕೆಯಿದ್ದರೆ ಪಕ್ಕದ ಜಿಲ್ಲೆಗೆ ಹೋಗಿ. ಎಚ್‌ಐವಿ ಮಾಹಿತಿಗೆ 1097ಕ್ಕೆ ಫೋನ್ ಮಾಡಿ.

ಹೆಂಡತಿಗೆ ಹೇಳುವ ವಿಷಯ ಕಷ್ಟದ್ದು. ಹೇಳಬೇಕು ಅಂತಲೇ ನನ್ನ ಅನಿಸಿಕೆ. ಆದರೆ ಆ ದಿನದಿಂದ ಅವಳ ಖರ್ಚು, ಮನೆ, ಮಕ್ಕಳ ಓದು ಹೇಗೆ ಅನ್ನುವುದಕ್ಕೆ ಕೈಯಲ್ಲಿ ಉತ್ತರ ಇರಲಿ. ನಿಮ್ಮ ಎದೆ ಹಗುರ ಮಾಡಿಕೊಂಡು ಅವಳನ್ನು ನಡುನೀರಿನಲ್ಲಿ ಬಿಟ್ಟರೆ ಅದು ಪ್ರಾಮಾಣಿಕತೆಯಲ್ಲ.

ನಾನು ಹುಡುಗಿ. ಗೆಳತಿಯ ವಿಷಯ ಗೊತ್ತಾಗಿ ಮನೆಯಲ್ಲಿ ಕೂಡಿಹಾಕಿದ್ದಾರೆ, ಗಂಡು ನೋಡುತ್ತಿದ್ದಾರೆ.

ಹುಡುಗರಿಗೆ ಸಿಗುವ ಸಲಹೆ ಹುಡುಗಿಯರಿಗೆ ಹೊಂದುವುದಿಲ್ಲ. ಹುಡುಗ ರಾತ್ರಿ ಹೊರಗೆ ಹೋಗಬಹುದು, ಕೆಲಸ ಅಂತ ಊರು ಬಿಡಬಹುದು. ನಿಮ್ಮ ಕೈಯಿಂದ ಫೋನನ್ನೇ ಕಿತ್ತುಕೊಂಡಿರುತ್ತಾರೆ.

ಹದಿನೆಂಟು ತುಂಬಿದ್ದರೆ ನಿಮ್ಮನ್ನು ಕೂಡಿಹಾಕುವ ಅಧಿಕಾರ ಅಪ್ಪ ಅಮ್ಮನಿಗೂ ಇಲ್ಲ. ಮಹಿಳಾ ಸಹಾಯವಾಣಿ 181, ಪೊಲೀಸ್ 112. ಈ ಎರಡು ನಂಬರನ್ನು ಬಾಯಿಪಾಠ ಮಾಡಿಕೊಳ್ಳಿ. ಗೆಳತಿಯೋ ಗೆಳೆಯರೋ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ತರಿಸಿ ಅಂತ ಕೇಳುವ ಅರ್ಜಿ ಹಾಕಬಹುದು. ನಮ್ಮ ಮೂರೂ ಜಿಲ್ಲೆಗಳಿಗೆ ಹತ್ತಿರದ ಪೀಠ ಧಾರವಾಡದಲ್ಲೋ ಕಲಬುರಗಿಯಲ್ಲೋ ಇದೆ. 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಇಂಥ ಅರ್ಜಿಗಳ ಬಗ್ಗೆ ಎಲ್ಲ ಕೋರ್ಟುಗಳಿಗೂ ಮಾರ್ಗಸೂಚಿ ಕೊಟ್ಟಿದೆ. ಯುವತಿಯನ್ನು ಮನೆಯವರ ಒತ್ತಡವಿಲ್ಲದ ಕಡೆ ಮಾತಾಡಿಸಬೇಕು, ಸಮಾಲೋಚನೆಯ ಹೆಸರಿನಲ್ಲಿ ಅವಳ ಒಲವು ಬದಲಿಸಲು ನೋಡಬಾರದು ಅಂತ. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯ ಕೇಳದೆ ಉಚಿತ ನೆರವು ಕೊಡಬೇಕು. ಫೋನ್ 15100.

ಫೋನಿನಲ್ಲಿ ಏನು ಎಚ್ಚರ ಬೇಕು?

ನಮ್ಮ ಮನೆಗಳಲ್ಲಿ ಹೊಸ ಫೋನಿಗೆ ಜಿಮೇಲ್ ಹಾಕಿಕೊಟ್ಟವರು ಅಣ್ಣನೋ ಮೊಬೈಲ್ ಅಂಗಡಿಯವನೋ ಆಗಿರುತ್ತಾರೆ. ಮೊದಲು ಅದನ್ನು ನೋಡಿ. ಅದೇ ಜಿಮೇಲ್ ಅಣ್ಣನ ಫೋನಿನಲ್ಲೂ ಇದ್ದರೆ ನೀವು ತೆಗೆದ ಫೋಟೊ ಅವನಿಗೂ ಕಾಣಬಹುದು, ನೀವು ನೋಡಿದ ವಿಡಿಯೊ ಮನೆಯ ಟಿವಿಯಲ್ಲಿ ಬರಬಹುದು. ಲಾಕ್ ಆದ ಪರದೆಯ ಮೇಲೆ ಮೆಸೇಜು ಕಾಣದ ಹಾಗೆ ಸೆಟ್ಟಿಂಗ್ ಮಾಡಿ. ಇನ್‌ಸ್ಟಾಗ್ರಾಮಿಗೆ ಕಾಂಟ್ಯಾಕ್ಟ್ ನೋಡಲು ಬಿಡಬೇಡಿ, ಬಿಟ್ಟರೆ ನಿಮ್ಮ ಗುಪ್ತ ಖಾತೆಯನ್ನು ಅದು ಮಾವನಿಗೇ ತೋರಿಸಬಹುದು. ಡೇಟಿಂಗ್ ಆ್ಯಪಿನಲ್ಲಿ ಎಷ್ಟು ದೂರದಲ್ಲಿದ್ದೀರಿ ಅಂತ ತೋರಿಸುವುದನ್ನು ಆಫ್ ಮಾಡಿ. ಸಣ್ಣ ಊರಿನಲ್ಲಿ ಮುನ್ನೂರು ಮೀಟರ್ ಅಂದರೆ ಯಾವ ಓಣಿ ಅಂತ ಗೊತ್ತಾಗಿಬಿಡುತ್ತದೆ. ಫೋಟೊದಲ್ಲಿ ಬೈಕಿನ ನಂಬರು, ಕಾಲೇಜಿನ ಗುರುತಿನ ಚೀಟಿಯ ದಾರ, ಮನೆಯ ಬಾಗಿಲು ಕಾಣಬಾರದು.

ಆ್ಯಪಿನಲ್ಲಿ ಸಿಕ್ಕವನು ವಿಡಿಯೊ ಇಟ್ಟುಕೊಂಡು ದುಡ್ಡು ಕೇಳುತ್ತಿದ್ದಾನೆ.

ಕೊಡಬೇಡಿ. ಒಮ್ಮೆ ಕೊಟ್ಟರೆ ಮುಂದಿನ ತಿಂಗಳು ಮತ್ತೆ ಕೇಳುತ್ತಾನೆ. ಚಾಟ್, ನಂಬರು, ಯುಪಿಐ ಐಡಿ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಆಮೇಲೆ ಬ್ಲಾಕ್ ಮಾಡಿ. ಹೆದರಿಸಿ ಹಣ ಕೀಳುವುದು ನ್ಯಾಯ ಸಂಹಿತೆಯ ಸೆಕ್ಷನ್ 308ರಡಿ ಸುಲಿಗೆ, ಏಳು ವರ್ಷದವರೆಗೆ ಜೈಲು. ಒಪ್ಪಿಗೆಯಿಲ್ಲದೆ ಖಾಸಗಿ ಅಂಗದ ಚಿತ್ರ ತೆಗೆಯುವುದು, ಹಂಚುವುದು ಐಟಿ ಕಾಯ್ದೆಯ 66ಇ ಪ್ರಕಾರ ಅಪರಾಧ. ಹಣ ಕಳಿಸಿಬಿಟ್ಟಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಜಿಲ್ಲೆಯಲ್ಲಿ ಸಿಇಎನ್ (ಸೈಬರ್ ಅಪರಾಧ ನೋಡುವ ಪೊಲೀಸ್) ಠಾಣೆ ಇದೆ, ಅಲ್ಲಿ ದೂರು ಕೊಡಬಹುದು.

ಠಾಣೆಗೆ ಹೋದರೆ ಮನೆಗೆ ಗೊತ್ತಾಗುತ್ತದೆ ಅನ್ನುವ ಹೆದರಿಕೆ ನನಗೆ ಅರ್ಥವಾಗುತ್ತದೆ. ದೂರಿನಲ್ಲಿ "ಖಾಸಗಿ ವಿಡಿಯೊ ಇಟ್ಟುಕೊಂಡು ಹಣ ಕೇಳುತ್ತಿದ್ದಾನೆ" ಅಂತ ಬರೆದರೆ ಸಾಕು, ನಿಮ್ಮ ಒಲವಿನ ವಿವರಣೆ ಬೇಕಿಲ್ಲ. ಒಬ್ಬರೇ ಹೋಗಬೇಡಿ, ವಕೀಲರನ್ನೋ ಗೆಳೆಯರನ್ನೋ ಜೊತೆಗೆ ಕರೆದುಕೊಂಡು ಹೋಗಿ. ನಾಚಿಕೆಪಡಬೇಕಾದವನು ಆ ಸುಲಿಗೆಕೋರ, ನೀವಲ್ಲ.

ಕೆಲಸದ ಜಾಗದಲ್ಲಿ ಹೇಳಬಹುದಾ?

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇರಲಿ, ಗಂಗಾವತಿಯ ರೈಸ್ ಮಿಲ್ ಇರಲಿ, ಬಳ್ಳಾರಿಯ ಜೀನ್ಸ್ ಹೊಲಿಯುವ ಯೂನಿಟ್ ಇರಲಿ, ಅಲ್ಲಿ ನಿಮ್ಮ ಕೆಲಸ ಮಾತಾಡಲಿ. ಖಾಸಗಿ ಕಂಪನಿಗಳಲ್ಲಿ ಒಲವಿನ ಕಾರಣಕ್ಕೆ ಕೆಲಸದಿಂದ ತೆಗೆಯಬಾರದು ಅಂತ ನೇರವಾಗಿ ಹೇಳುವ ಕಾಯ್ದೆ ನಮ್ಮಲ್ಲಿ ಇನ್ನೂ ಇಲ್ಲ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ 2019ರ ಕಾಯ್ದೆ ಇದೆ. ಕಂಪನಿಗೆ ಲಿಖಿತ ನಿಯಮ ಇದೆಯಾ ನೋಡಿ, ಆಮೇಲೆ ಯೋಚಿಸಿ.

ಬೆಂಗಳೂರಿನಲ್ಲಿ ಮುಕ್ತವಾಗಿದ್ದು, ಊರಿಗೆ ಬಂದಾಗ ಸುಮ್ಮನಿದ್ದರೆ ಎರಡು ಮುಖ ಆಗುವುದಿಲ್ವಾ?

ಆಗುವುದಿಲ್ಲ. ಹಂಪಿ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಬರುವ ಎಷ್ಟೋ ಹುಡುಗರು ರೈಲು ಬಳ್ಳಾರಿ ಮುಟ್ಟುವ ಮೊದಲು ಕಿವಿಯೋಲೆ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ದಣಿವಿದೆ. ಊರಿನಲ್ಲಿ ನಿಮ್ಮನ್ನು ಪೂರ್ತಿ ಬಲ್ಲವರು ಒಬ್ಬರಾದರೂ ಇದ್ದರೆ ಆ ದಣಿವು ಎಷ್ಟೋ ಕಡಿಮೆ. ಜಾತ್ರೆಗೆ ಬಂದಾಗ ಅವರ ಜೊತೆ ಒಂದು ಸಂಜೆ ಕೂತು ಮಾತಾಡಿ.

ನನ್ನ ತಮ್ಮ ನನಗೊಬ್ಬಳಿಗೇ ಹೇಳಿದ್ದಾನೆ. ಗಂಡನಿಂದ ಮುಚ್ಚಿಡುವುದು ತಪ್ಪು ಅನಿಸುತ್ತಿದೆ. ಅವರಿಗೆ ಹೇಳಬಹುದಾ?

ಹೇಳಬೇಡಿ ಅಕ್ಕಾ. ಅದು ನಿಮ್ಮ ಗುಟ್ಟಲ್ಲ, ತಮ್ಮನದು. ಗಂಡ ಎಷ್ಟೇ ಒಳ್ಳೆಯವರಿರಲಿ, ಮೊದಲು ತಮ್ಮನನ್ನು ಕೇಳಿ: "ನಿಮ್ಮ ಭಾವನಿಗೆ ಹೇಳಲಾ?" ಅಂತ. ಬೇಡ ಅಂದರೆ ಬೇಡ. ಅವನಿಗೆ ಗಂಟು ಹಾಕಲು ಹೊರಟ ಸಂಬಂಧಗಳನ್ನು ಮೆಲ್ಲಗೆ ತಪ್ಪಿಸಿ, ಅಪ್ಪ ಕೂಗಾಡಿದಾಗ "ಅವನಿಗೆ ಅವಸರ ಮಾಡಬೇಡಿ" ಅಂತ ನಡುವೆ ನಿಲ್ಲಿ. "ಯಾವಾಗಿನಿಂದ, ಯಾಕೆ, ಹೇಗೆ" ಅಂತ ಕೆದಕಬೇಡಿ, ಊಟ ಮಾಡಿದೆಯಾ ಅಂತ ಮೊದಲಿನ ಹಾಗೇ ದಿನಾ ಫೋನ್ ಮಾಡಿ. ಅವನಿಗೆ ಒಬ್ಬ ಗೆಳೆಯನಿದ್ದರೆ, ಪಂಚಮಿಗೆ ತವರಿಗೆ ಹೋದಾಗ ಕಟ್ಟುವ ಉಂಡಿಯಲ್ಲಿ ಅವನ ಪಾಲನ್ನೂ ಒಂದು ಡಬ್ಬಿಗೆ ಹಾಕಿ ತಮ್ಮನ ಕೈಗೆ ಕೊಡಿ.